ಡಂಗುರ ಹೊಡೆಸಿದ ಮೇಡಮ್ಮ

ಕಾಗದ ಇರುವುದೇ ಗಟ್ಟಿಯಾಗಿ ಓದುವುದಕ್ಕೆ ಎಂದು ನಂಬಿದ್ದ ಒಬ್ಬ ಹೆಂಗಸನ್ನು ನಾನು ಬಲ್ಲೆ. ಬಸ್ಸಿನ ಬೋರ್ಡಾಗಲಿ, ಮಾತ್ರೆಯ ಡಬ್ಬಿಯಾಗಲಿ, ಕಣ್ಣಲ್ಲಿ ಓದಿ ಸುಮ್ಮನಾಗುವ ಅಭ್ಯಾಸವೇ ಅವರಿಗಿರಲಿಲ್ಲ. ಒಂದು ಸಲ ನಮ್ಮ ಡೈರಿಯ ಗೋಡೆಗೆ ಅಂಟಿಸಿದ್ದ ಮದುವೆಯ ಕರೆಯೋಲೆ ಅವರ ಕಣ್ಣಿಗೆ ಬಿತ್ತು. ‘ಆಶೀರ್ವಾದವೇ ಉಡುಗೊರೆ’ ಎಂಬ ಕೊನೆಯ ಸಾಲಿನವರೆಗೂ ರಾಗ ಎಳೆದು ಓದಿ, “ಹಿಂಗೆ ಬರೆಸಿದೋರೇ ಕಣಮ್ಮ, ಮುಯ್ಯಿ ಎಷ್ಟು ಬಂತು ಅಂತ ಮೊದ್ಲು ನೋಡೋದು” ಎಂದರು. ಮದುವೆಯ ಹುಡುಗನ ತಾಯಿ ಅಲ್ಲೇ ಹಾಲು ಅಳೆಸುತ್ತಾ ನಿಂತಿದ್ದಳು. ಆಕೆಯ ಮುಖ ನೋಡಬೇಕಿತ್ತು ನೀವು.

ಅವರು ಜಿಲ್ಲಾ ಕೇಂದ್ರದ ಒಂದು ಕಚೇರಿಯಲ್ಲಿ ಪಿಂಚಣಿ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದರು. ಮುದುಕರ ಪಿಂಚಣಿ, ಗಂಡ ಸತ್ತವರ ಪಿಂಚಣಿ, ಅಂಗವಿಕಲರದ್ದು, ಎಲ್ಲವೂ ಅವರ ಮೇಜಿನ ಮೇಲಿಂದಲೇ ಹಾದುಬರಬೇಕು. ನಮ್ಮ ಕಡೆಯವರಿಗೆ ಹೆಂಗಸು ಅಧಿಕಾರಿ ಎದುರಾದರೆ ಬರೀ ಮೇಡಂ ಅನ್ನಲು ನಾಲಿಗೆ ಹೊರಳುವುದಿಲ್ಲ, ಬರೀ ಅಮ್ಮ ಅನ್ನಲು ಭಯ. ಎರಡನ್ನೂ ಸೇರಿಸಿ ಮೇಡಮ್ಮ ಎಂದೆವು, ಅದೇ ನಿಂತಿತು. ಅವರ ನಿಜವಾದ ಹೆಸರು ನನಗೆ ಗೊತ್ತು. ಬರೆದರೆ “ನನ್ನ ಹೆಸರು ಯಾಕಮ್ಮ ನಿಂಗೆ, ಕೆಲಸದ ವಿಷ್ಯ ಬರಿ” ಎಂದು ಇದ್ದಲ್ಲಿಂದಲೇ ಬೈದಾರು ಎಂದು ಬರೆಯುವುದಿಲ್ಲ.

ಹೋದ ತಿಂಗಳು, ನಮ್ಮೂರ ಪೋಸ್ಟಾಫೀಸಿನ ಜಗಲಿಯ ಮೇಲೆ ಪಿಂಚಣಿ ಹಂಚುತ್ತಿದ್ದಾಗ ಅವರ ಊರಾದ ಚಿಂತಾಮಣಿಯಿಂದ ಫೋನು ಬಂತು. ಮೇಡಮ್ಮ ಹೋಗಿಬಿಟ್ಟಿದ್ದರು. ನಾನು ಹೇಳಿದೆ. ಜಗಲಿಯ ಮೇಲಿದ್ದ ಹೆಂಗಸರೆಲ್ಲ ನನ್ನ ಸುತ್ತ ಬಂದರು. ನಮ್ಮ ಅಶ್ವತ್ಥಮ್ಮಜ್ಜಿ ಸೆರಗಿಗೆ ಗಂಟು ಹಾಕುತ್ತಿದ್ದ ಕೈ ಹಾಗೇ ಹಿಡಿದು, “ನಮ್ಮನೇಲಿ ಒಂದು ಲೋಟ ಕಾಪೀನೂ ಕುಡೀದೆ ಹೋದ್ಲಲ್ಲೇ, ಪುಣ್ಯಾತ್ಗಿತ್ತಿ” ಎಂದು ಬೈದಳು. ಬೈದು ಅತ್ತಳು. ಆಮೇಲೆ ನನ್ನ ಕಡೆ ತಿರುಗಿ, “ಸರೋಜಾ, ನೀನು ಡೈರಿ ಸೆಕ್ರೆಟ್ರಿ, ನಾಕಕ್ಷರ ಬರೀತೀಯ. ಆವಮ್ಮನ ಬಗ್ಗೆ ಬರಿ” ಎಂದಳು. ನಾನು ಬರೆದು ಬಲ್ಲವಳಲ್ಲ, ಸಂಘದ ಸಭೆಯ ನಡಾವಳಿ ಬಿಟ್ಟರೆ ಮಗನಿಗೆ ರಜಾ ಚೀಟಿ ಬರೆದಿದ್ದೇ ದೊಡ್ಡದು. ಆದರೂ ಅಜ್ಜಿಯ ಮಾತು ತೆಗೆದುಹಾಕಲಾಗದು.

ಮೇಡಮ್ಮನನ್ನು ಮೊದಲು ಕಂಡಿದ್ದೂ ಅದೇ ಜಗಲಿಯ ಮೇಲೆ. ನಮ್ಮೂರು ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿಯ ಕೊನೆಗಿದೆ, ಇನ್ನು ನಾಲ್ಕು ಹೊಲ ದಾಟಿದರೆ ಆಂಧ್ರ. ಆ ದಿನ ಪಿಂಚಣಿಗೆ ಬಂದ ಹೆಂಗಸರ ನಡುವೆ ಗುರುತಿಲ್ಲದ ಒಬ್ಬಾಕೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನರೆತ ಕೂದಲು, ಮಾಸಲು ಹಸಿರು ನೂಲಿನ ಸೀರೆ, ಬೇಸಿಗೆಯಲ್ಲೂ ಮೇಲೊಂದು ಸ್ವೆಟರು. ನಮ್ಮ ಅಜ್ಜಿಗೆ ಸುಮ್ಮನಿರಲಾದೀತೇ?

“ನಿಂಗೆ ಯಾವ ಪಿಂಚಣಿ ಬರ್ತದಮ್ಮ? ಗಂಡ ಹೋದ್ನಾ?”

“ಬಂದಿದ್ರೆ ಅಲ್ವೇನಜ್ಜಿ ಹೋಗೋದು?” ಎಂದರು ಆಕೆ.

ಜಗಲಿಯೆಲ್ಲ ನಕ್ಕಿತು. ಆಮೇಲೆ ಅವರು ಒಬ್ಬೊಬ್ಬರನ್ನೂ ವಿಚಾರಿಸತೊಡಗಿದರು. ನಡೆದು ಬಂದಿರೋ, ಯಾರಾದರೂ ಕರೆತಂದರೋ, ಬೆಳಿಗ್ಗೆ ಏನು ತಿಂದಿರಿ, ಕೂರಲು ಜಾಗ ಸಿಕ್ಕಿತೋ. ಕನ್ನಡದಲ್ಲಿ ಶುರುವಾದ ಮಾತು ಎದುರಿಗಿದ್ದವಳ ಬಾಯಿ ನೋಡಿ ತೆಲುಗಿಗೆ ಹೊರಳುತ್ತಿತ್ತು. ಮಧ್ಯಾಹ್ನ ಜೀಪು ಬಂದು ಡ್ರೈವರು ಸೆಲ್ಯೂಟ್ ಹೊಡೆದ ಮೇಲೆಯೇ ಇವರು ದೊಡ್ಡ ಕಚೇರಿಯವರು ಎಂದು ನಮಗೆ ತಿಳಿದದ್ದು. ಅಶ್ವತ್ಥಮ್ಮಜ್ಜಿ ಒಂದು ವಾರ ಮನೆಯಿಂದ ಆಚೆ ಬರಲಿಲ್ಲ, ಪಿಂಚಣಿ ನಿಲ್ಲಿಸಿಬಿಡ್ತಾಳೆ ಎಂಬ ಹೆದರಿಕೆ.

ಆಗ ಇದ್ದ ಸಂಕಟ ಏನೆಂದು ಹೇಳಿಬಿಡುತ್ತೇನೆ. ಹಳ್ಳಿಯ ಪೋಸ್ಟಾಫೀಸಿನಲ್ಲಿ ಇರುವುದು ಒಬ್ಬನೇ ಪೋಸ್ಟ್ ಮಾಸ್ಟರು. ಅವನು ಕಾಗದ ಹಂಚುವನೇ, ಪಿಂಚಣಿ ಹಂಚುವನೇ? ಅದಕ್ಕೆ ತಿಂಗಳಿಗೊಮ್ಮೆ ಪೋಸ್ಟಾಫೀಸಿಗೆ ಬಂದು ಪಿಂಚಣಿ ಕೈಗೆ ಕೊಡುವ ಕೆಲಸವನ್ನು ಸರ್ಕಾರ ಹೊರಗಿನವರಿಗೆ ಟೆಂಡರು ಕರೆದು ವಹಿಸುತ್ತಿತ್ತು. ಇದ್ದವರ ಅವಧಿ ಮುಗಿಯುತ್ತಾ ಬಂದಿತ್ತು. ಒಂದೊಂದು ಊರಿಗೂ ಬೇರೆಯಾಗಿ ಹಾಕಬಹುದಾದ ಹೊಸ ಟೆಂಡರಿನಲ್ಲಿ ಮೇಡಮ್ಮ ಒಂದು ಷರತ್ತು ಹಾಕಿದ್ದರು: ಯಾವ ಹಳ್ಳಿಯಲ್ಲಿ ಪೋಸ್ಟಾಫೀಸು ಇದೆಯೋ ಆ ಹಳ್ಳಿಗೇ ಹೋಗಿ ಕೊಡಬೇಕು. ಕೂರಲು ಚಾಪೆ, ಕುಡಿಯಲು ನೀರು, ಕನ್ನಡ ತೆಲುಗು ಎರಡೂ ಬಲ್ಲ ಒಬ್ಬರು ಇರಬೇಕು. ಷರತ್ತು ಕಂಡು ಕಂಪನಿಯವರೆಲ್ಲ ದೂರ ಸರಿದರು. ಮೊದಲ ಸಲ ಕರೆದಾಗ ಒಬ್ಬರೂ ಹಾಕಲಿಲ್ಲ.

ಮೇಲಿದ್ದ ಸಾಹೇಬರು ಕೆಟ್ಟವರಲ್ಲ, ಆದರೆ ಅವರಿಗೂ ಕೆಲಸ ಮುಗಿಯಬೇಕು. ಇನ್ನೊಂದು ಸಲ ಕರೆಯಿರಿ, ಕಡೇ ಪಕ್ಷ ಇಬ್ಬರಾದರೂ ಹಾಕದಿದ್ದರೆ ಹಳ್ಳಿಯ ಷರತ್ತು ತೆಗೆಯೋಣ, ಎಲ್ಲರೂ ಗೌರಿಬಿದನೂರಿಗೇ ಬಂದು ತೆಗೆದುಕೊಂಡು ಹೋಗಲಿ, ಎಂದರಂತೆ. ಹೆಂಗಸರಿಗೆ ಬಸ್ಸು ಫ್ರೀ ಇದೆಯಲ್ಲ ಎಂದರಂತೆ. ಫ್ರೀ ಬಸ್ಸು ನಮ್ಮೂರಿಗೆ ಬಂದರೆ ತಾನೆ! ನಮಗಿರುವುದು ಆಟೋ, ಅದರಲ್ಲೂ ಡ್ರೈವರಿನ ಅಕ್ಕಪಕ್ಕ ಇಬ್ಬರು ನೇತಾಡಬೇಕು. ಮಂಡಿ ನೋವಿನ ಮುದುಕಿಯರು ಅದರಲ್ಲಿ ಹೋಗಿ, ಬಿಸಿಲಲ್ಲಿ ಸಾಲು ನಿಂತು, ಸಂಜೆ ಬರುವಷ್ಟರಲ್ಲಿ ಪಿಂಚಣಿಯ ಜೊತೆ ಜ್ವರವೂ ಬಂದಿರುತ್ತದೆ. ಹೋಗಲಾಗದವರು ಯಾರದೋ ಕೈಯಲ್ಲಿ ತರಿಸಬೇಕು, ಅದು ಬಂದರೆ ಬಂತು.

ಈ ಸಂಗತಿಯನ್ನೆಲ್ಲ ನಮಗೆ ಗುಟ್ಟಾಗಿ ಯಾರೂ ಹೇಳಲಿಲ್ಲ. ಮೇಡಮ್ಮನೇ ಮುಂದಿನ ಪಿಂಚಣಿಯ ದಿನ ಜಗಲಿಯ ಮೇಲೆ ನಿಂತು ಎಲ್ಲರ ಮುಂದೆ ಹೇಳಿದರು. ಗುಟ್ಟು ಅವರ ಕೈಯಲ್ಲಿ ಉಳಿಯುತ್ತಿರಲಿಲ್ಲ. “ಸರ್ಕಾರದ ಕೆಲಸ ಬಾಗಿಲು ತೆಗೆದಿಟ್ಟು ಮಾಡ್ಬೇಕು ಕಣಮ್ಮ, ಬಾಗಿಲು ಹಾಕ್ಕೊಂಡು ಮಾಡೋದು ಸಂಸಾರ” ಎನ್ನುತ್ತಿದ್ದರು. ಟೆಂಡರು ಹಾಕುವವರ ಕೈಯಿಂದ ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. ಯಾವುದೋ ಕಂಪನಿಯವನು ದೀಪಾವಳಿಗೆ ಸ್ವೀಟ್ ಬಾಕ್ಸು ತಂದಾಗ, ಅದರ ಮೇಲಿನ ಬರಹವನ್ನೆಲ್ಲ ಗಟ್ಟಿಯಾಗಿ ಓದಿ, “ಇಷ್ಟು ಸಕ್ಕರೆ ಐತಂತೆ, ನಂಗೆ ಶುಗರು, ತಗೊಂಡ್ಹೋಗು” ಎಂದು ಕಚೇರಿಯವರೆಲ್ಲ ತಿರುಗಿ ನೋಡುವಂತೆ ಕಳಿಸಿದ್ದರಂತೆ. ಅವರಿಗೆ ಶುಗರು ಇರಲಿಲ್ಲ ಎಂದು ಡ್ರೈವರು ಆಮೇಲೆ ನಮಗೆ ಹೇಳಿದ.

ಎರಡನೆಯ ಸಲ ಟೆಂಡರು ಕರೆದಾಗ ಅವರಿಗೊಂದು ಹುಕಿ ಬಂತು. ಕಂಪ್ಯೂಟರಿನಲ್ಲಿ ಹಾಕುತ್ತೇವೆ, ಪೇಪರಿನ ಮೂಲೆಯಲ್ಲಿ ಹಾಕುತ್ತೇವೆ, ಓದುವವರು ಯಾರು? ಸಾರ್ವಜನಿಕ ಪ್ರಕಟಣೆ ಅಂದಮೇಲೆ ಸಾರ್ವಜನಿಕರ ಕಿವಿಗೆ ಬೀಳಬೇಕಲ್ಲ? ಸರಿ, ಪೋಸ್ಟಾಫೀಸು ಇರುವ ಊರೂರಿಗೂ ಹೋಗಿ ಡಂಗುರ ಹೊಡೆಸಿಬಿಟ್ಟರು. ಸಹಕಾರ ಸಂಘಗಳೂ ಹಾಕಬಹುದು ಅಂತ ನಿಯಮದಲ್ಲಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಸಬೇಕೆಂಬುದೇ ಅವರ ಆಸೆ.

ನಮ್ಮೂರಲ್ಲಿ ಡಂಗುರ ಸಾರುವವನು ನಾರಾಯಣಪ್ಪ. ಅವನು ತಮಟೆ ಬಡಿದು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. “ಕೇಳ್ರಪ್ಪೋ ಕೇಳ್ರಿ! ನಮ್ಮೂರ ಪೋಸ್ಟಾಫೀಸ್ನಾಗೆ ಪಿಂಚಣಿ ಹಂಚೋ ಕೆಲ್ಸಾನ ಟೆಂಡರ್ ಕರ್ದವ್ರೆ! ಸಂಘದೋರೂ ಹಾಕ್ಬೋದಂತೆ! ಬೇಕಾದೋರು ಬಂದು ಕೂಗ್ಬೋದು!” ಮೇಡಮ್ಮ ಅವನ ಪಕ್ಕದಲ್ಲೇ ಸ್ವೆಟರು ಹಾಕಿಕೊಂಡು ನಿಂತು ಹೂಂ ಹೂಂ ಎಂದು ತಲೆ ಆಡಿಸುತ್ತಿದ್ದರು. ಆಮೇಲೆ ಜಗಲಿ ಹತ್ತಿ ಷರತ್ತುಗಳನ್ನೆಲ್ಲ ತಾವೇ ಓದಿದರು. ಚಾಪೆ, ನೀರು, ತೆಲುಗು, ಎಲ್ಲ ಬಂತು. ಕೊನೆಗೆ ‘ಪ್ರತಿ ಪಾವತಿಗೆ ದರ ಬರೆಯುವುದು’ ಎಂದೂ ಓದಿದರು. ನಾವು ಯಾರೂ ಏನೂ ಕೇಳಲಿಲ್ಲ. ಟೆಂಡರು ಅಂದರೇನು ಅಂತ ನಮಗೆ ಗೊತ್ತಿಲ್ಲವೇ?

ಗೊತ್ತಿದ್ದದ್ದು ಇಷ್ಟು. ವರ್ಷಾ ವರ್ಷ ನಮ್ಮ ಪಂಚಾಯ್ತಿಯವರು ರಸ್ತೆ ಬದಿಯ ಹುಣಸೆ ಮರಗಳನ್ನು ಟೆಂಡರಿಗೆ ಬಿಡುತ್ತಾರೆ. ಕೆರೆಯ ಮೀನನ್ನೂ ಹಾಗೇ ಬಿಡುತ್ತಾರೆ. ಆಗಲೂ ಇದೇ ನಾರಾಯಣಪ್ಪ, ಇದೇ ತಮಟೆ, ಇದೇ ಕೂಗು. ಯಾರು ಹೆಚ್ಚು ಕೂಗಿ ದುಡ್ಡು ಕಟ್ಟುತ್ತಾರೋ ಮರ ಅವರದ್ದು. ನಮ್ಮೂರ ಇತಿಹಾಸದಲ್ಲಿ ಟೆಂಡರು ಹಿಡಿದವನಿಗೆ ಸರ್ಕಾರವೇ ದುಡ್ಡು ಕೊಟ್ಟದ್ದನ್ನು ಕಂಡವರು ಯಾರೂ ಇಲ್ಲ.

ಆ ಸಂಜೆ ಹಾಲು ಹಾಕಿದ ಮೇಲೆ ನಮ್ಮ ಮಹಿಳಾ ಹಾಲಿನ ಸಂಘದ ಹೆಂಗಸರೆಲ್ಲ ಡೈರಿಯಲ್ಲೇ ಕೂತೆವು. ಮಾಡುವುದಕ್ಕೆ ನಮಗೇನೂ ಕಷ್ಟವಿರಲಿಲ್ಲ. ಮೆಷಿನ್ನು ಒತ್ತುವುದು, ಊರವರ ಮುಖ ಗುರುತು, ಎಲ್ಲ ದಿನಾ ಮಾಡುವ ಕೆಲಸವೇ. ಕಟ್ಟುವ ದುಡ್ಡಿನದ್ದೇ ಯೋಚನೆ.

“ಹುಣಸೆ ಮರ ಹಿಡಿದೋನು ಹಣ್ಣು ಮಾರ್ಕೊಂತಾನೆ. ಇದ್ರಾಗೆ ನಾವೇನು ಮಾರ್ಕೊಳೋದು?” ಎಂದಳು ಒಬ್ಬಳು.

ಅಶ್ವತ್ಥಮ್ಮಜ್ಜಿ ಎದ್ದು ನಿಂತಳು. “ಲೇ, ಗೌರಿಬಿದನೂರಿಗೆ ಹೋಗ್ಬೇಕಾದ್ರೆ ಆಟೋಗೆ ಕೊಡಲ್ವಾ? ಆಟೋದವನಿಗೆ ಕೊಡೋದ್ರಾಗೆ ಕಾಲು ಭಾಗ ಒಬ್ಬೊಬ್ರೂ ಸರ್ಕಾರಕ್ಕೇ ಕೊಟ್ಬಿಡಣ. ಪೋಸ್ಟಾಫೀಸು ನಮ್ಮೂರಾಗೇ ಇರ್ತದೆ. ಮುಕ್ಕಾಲು ಉಳೀತದೆ, ಮಂಡಿನೂ ಉಳೀತದೆ.”

ಎಂಥ ಬುದ್ಧಿವಂತಿಕೆ ಎಂದು ಎಲ್ಲರೂ ಹೊಗಳಿದೆವು. ಡೈರಿಗೆ ಹೊಸ ಸೂರು ಹಾಕಿಸಲು ಇಟ್ಟಿದ್ದ ದುಡ್ಡನ್ನು ಟೆಂಡರಿನ ಠೇವಣಿಗೆ ಕಟ್ಟಿದೆವು. ಗೌರಿಬಿದನೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಕೂತು, ದರ ಎಂದಿದ್ದ ಕಡೆ ಆಟೋ ಚಾರ್ಜಿನ ಕಾಲು ಭಾಗವನ್ನು ನಾನೇ ಒತ್ತಿಸಿದೆ. ಬರುವಾಗ ದೇವಸ್ಥಾನದಲ್ಲಿ ಕಾಯಿ ಒಡೆಸಿಕೊಂಡು ಬಂದೆವು.

ನಮ್ಮೂರಿಗೆ ಹಾಕಿದವರು ಇಬ್ಬರೇ. ನಾವು, ಮತ್ತೆ ಹೊರಗಿನ ಒಂದು ಕಂಪನಿ. ತೆಗೆದು ನೋಡಿದರೆ ನಮ್ಮ ದರ ಕಂಪನಿಯವರ ದರದ ಅರ್ಧವೂ ಇರಲಿಲ್ಲ. ಕಡಿಮೆ ಕೇಳಿದವರಿಗೆ ಕೆಲಸ ಎಂಬುದು ಸರ್ಕಾರದ ನಿಯಮವಂತೆ, ನಮಗೇನು ಗೊತ್ತು. ಇಷ್ಟು ಕಡಿಮೆಗೆ ಹೇಗೆ ಮಾಡುತ್ತಾರೆ, ಕೇಳಲೇಬೇಕು ಎಂದು ಕಂಪನಿಯವರು ಪಟ್ಟು ಹಿಡಿದರು. ಅದೂ ನಿಯಮವೇ. ವಿವರಣೆ ಕೊಡಲು ಬನ್ನಿ ಎಂದು ನಮಗೆ ಕರೆ ಬಂತು. ನಾನು, ಸಂಘದ ಅಧ್ಯಕ್ಷೆ, ಅಶ್ವತ್ಥಮ್ಮಜ್ಜಿ ಮೂವರೂ ರೇಷ್ಮೆ ಸೀರೆ ಉಟ್ಟು ಹೋದೆವು.

ಸಾಹೇಬರು ನಡುವೆ ಕೂತಿದ್ದರು, ಪಕ್ಕದಲ್ಲಿ ಮೇಡಮ್ಮ. ಎದುರಿಗೆ ಕಂಪನಿಯ ಟೈ ಕಟ್ಟಿದ ಮನುಷ್ಯ. ಸಾಹೇಬರು ಮೃದುವಾಗಿಯೇ ಕೇಳಿದರು. “ಇಷ್ಟು ಕಡಿಮೆ ಹಾಕಿದೀರಲ್ಲಮ್ಮ, ಹೇಗೆ?”

“ಕಡ್ಮೆ ಅಂತ ನಮ್ಗೂ ಗೊತ್ತು ಸಾರ್,” ಎಂದೆ. “ನಮ್ಮ ಕೈಲಿ ಈಗ ಆಗೋದು ಇಷ್ಟೇ. ಮುಂದಿನ ವರ್ಷ ಇನ್ನೊಂಚೂರು ಜಾಸ್ತಿ ಮಾಡ್ಕೊಡ್ತೀವಿ.”

“ಯಾರಿಗೆ ಜಾಸ್ತಿ ಮಾಡ್ಕೊಡ್ತೀರಿ?”

“ನಿಮಗೇ ಸಾರ್. ಸರ್ಕಾರಕ್ಕೆ.”

ಸಾಹೇಬರು ಮೇಡಮ್ಮನ ಮುಖ ನೋಡಿದರು. ಅಜ್ಜಿ ನನ್ನನ್ನು ಪಕ್ಕಕ್ಕೆ ತಳ್ಳಿ ಆಟೋ ಚಾರ್ಜಿನ ಲೆಕ್ಕವನ್ನು ಮೊದಲಿಂದ ಬಿಡಿಸಿ ಹೇಳಿದಳು. ಸ್ವಲ್ಪ ಹೊತ್ತು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದದ್ದೇ ತಡ, ಟೈನವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಗುಮಾಸ್ತರು ನಕ್ಕರು. ಸಾಹೇಬರೂ ತಡೆಯಲಾರದೆ ಕರ್ಚೀಫು ಬಾಯಿಗೆ ಒತ್ತಿಕೊಂಡರು. ನಮಗೆ ಏನಾಯಿತೆಂದು ತಿಳಿಯದೆ ನಾವೂ ಸ್ವಲ್ಪ ನಕ್ಕೆವು, ದೊಡ್ಡವರು ನಗುವಾಗ ಸುಮ್ಮನಿರಬಾರದಲ್ಲ.

“ನವ್ವಕಂಡಿ!” ಎಂದು ಮೇಡಮ್ಮ ಮೇಜು ಗುದ್ದಿದರು. ನಗಬೇಡಿ ಎಂದದ್ದು. ಅವರಿಗೆ ಸಿಟ್ಟು ಬಂದರೆ ಕನ್ನಡ ಹೋಗಿ ತೆಲುಗು ಬರುತ್ತಿತ್ತು.

ಅವರು ಅಜ್ಜಿಯನ್ನು ಕೇಳಿದರು. “ಅಜ್ಜಿ, ನಿಮ್ಮ ಪಿಂಚಣಿ ನಿಮಗೆ ಕೊಡಕ್ಕೆ ನೀವೇ ಸರ್ಕಾರಕ್ಕೆ ದುಡ್ಡು ಕಟ್ತೀರಾ?”

“ಕಟ್ತೀವಮ್ಮ,” ಎಂದಳು ಅಜ್ಜಿ. “ಸಾಲ್ದು ಅಂದ್ರೆ ಇನ್ನೊಂದು ರೂಪಾಯಿ ಹಾಕ್ಕೊಳ್ಳಿ. ಪೋಸ್ಟಾಫೀಸು ಮಾತ್ರ ಊರಾಗೇ ಇರ್ಲಿ.”

ಮೇಡಮ್ಮ ಮುಂದಿದ್ದ ಕಾಗದವನ್ನು ಎತ್ತಿಕೊಂಡರು. ಬಹಳ ಹೊತ್ತು ನೋಡಿದರು. ಅವರು ಬಾಯಿ ಬಿಡದೆ ಓದಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ನಮಗೂ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಸರ್ಕಾರ ನಿಮಗೆ ಕೊಡುವ ದುಡ್ಡು ಇದು, ನೀವು ಕಟ್ಟುವುದಲ್ಲ. ನೀವು ಹಾಕಿದ ದರಕ್ಕೆ ಒಪ್ಪಿಕೊಂಡರೆ ವರ್ಷವಿಡೀ ಕೈಯಿಂದ ಹಾಕಿ ಸಂಘ ಮುಳುಗುತ್ತದೆ. ಆಗುವುದಿಲ್ಲ ಎಂದು ಹಿಂದೆ ಸರಿದರೆ ಠೇವಣಿ ಮುಟ್ಟುಗೋಲು. ಜೊತೆಗೆ ಉಳಿಯುವವರು ಒಬ್ಬರೇ ಆಗುತ್ತಾರೆ, ಹಳ್ಳಿಯ ಷರತ್ತು ಹೋಗುತ್ತದೆ. ಡೈರಿಯ ಸೂರೂ ಹೋಯಿತು, ಪೋಸ್ಟಾಫೀಸೂ ಹೋಯಿತು, ಎರಡನ್ನೂ ನನ್ನ ಬೆರಳಿಂದಲೇ ಒತ್ತಿ ಕಳೆದೆ ಎಂದು ಅಳು ಒತ್ತರಿಸಿ ಬಂತು. ಅಧ್ಯಕ್ಷೆ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

“ಮೂರನೇ ದಾರಿ ಒಂದಿದೆ ಸಾರ್,” ಎಂದರು ಮೇಡಮ್ಮ. “ಕಚೇರಿಯ ತಪ್ಪಿಂದ ಟೆಂಡರ್ ರದ್ದು ಅಂತ ಬರೆದ್ರೆ ಠೇವಣಿ ವಾಪಸ್ ಕೊಡ್ಬೇಕು. ಅದೇ ಷರತ್ತಲ್ಲಿ ಮತ್ತೆ ಕರೀಬೇಕು.”

“ಕಚೇರಿಯ ತಪ್ಪು ಅಂದ್ರೆ ಯಾರದು ಅಂತ ಮೇಲಿನವರು ಕೇಳ್ತಾರಲ್ಲ?”

“ನಂದು. ಹರಾಜು ಸಾರೋ ತಮಟೇಲಿ ಟೆಂಡರ್ ಸಾರಿಸ್ದೆ. ಅವನು ಬಂದು ಕೂಗ್ಬೋದು ಅಂದ. ಪಕ್ಕದಲ್ಲೇ ನಿಂತಿದ್ದೆ. ಎಲ್ಲಾನೂ ಕಿವಿಗೆ ಬೀಳ್ಬೇಕು ಅಂತ ಊರಿಗೆಲ್ಲಾ ಹೇಳೋ ನಾನು, ನನ್ನ ಕಿವಿಗೇ ಹಾಕ್ಕೊಳ್ಳಲಿಲ್ಲ.”

“ರಿಟೈರ್ ಆಗೋ ಹೊತ್ತಲ್ಲಿ ಇದೆಲ್ಲ ಯಾಕೆ ನಿಮಗೆ?” ಎಂದರು ಸಾಹೇಬರು, ಮೆತ್ತಗೆ. ಆ ದನಿಯಲ್ಲಿ ಕಾಳಜಿಯೇ ಇತ್ತು, ಸುಳ್ಳು ಹೇಳಬಾರದು.

“ಆಗೋ ಮುಂಚೆನೇ ಮಾಡ್ಬೇಕಲ್ವಾ ಸಾರ್, ಆದ್ಮೇಲೆ ನನ್ನ ಯಾರು ಕೇಳ್ತಾರೆ?” ಎಂದು ಅಲ್ಲೇ ಬರೆಯಲು ಕೂತರು. ಬರೆಯುತ್ತಾ ಬರೆಯುತ್ತಾ ಒಂದೊಂದು ಪದವನ್ನೂ ಗಟ್ಟಿಯಾಗಿ ಹೇಳಿಕೊಂಡರು, ‘ನನ್ನ ತಪ್ಪಿನಿಂದಾಗಿ’ ಎಂಬುದನ್ನೂ. ಟೈನವನು ಕೇಳಿಸಿಕೊಳ್ಳುತ್ತಾ ಕೂತಿದ್ದ.

ಮೂರನೆಯ ಸಲ ಮತ್ತೆ ಡಂಗುರ ಬಂತು. ಬಿಟ್ಟಾರೆಯೇ! ಕೂಗು ಮಾತ್ರ ಬೇರೆ. ನಾರಾಯಣಪ್ಪ ಪೋಸ್ಟಾಫೀಸಿನ ಹಿಂದೆ ನಿಂತು ಮೊದಲು ಮೇಡಮ್ಮನ ಮುಂದೆ ಅದನ್ನು ಒಪ್ಪಿಸಬೇಕಾಯಿತು. “ಇದು ಹುಣಸೆ ಮರ ಅಲ್ರಪ್ಪೋ! ಸರ್ಕಾರ ಕೊಡ್ತದೆ, ನೀವು ಇಸ್ಕೊಳೋದು! ಕಡ್ಮೆಗೆ ಮಾಡೋರ್ಗೆ ಕೆಲ್ಸ!” ಎಂದು ಅವನು ಕೂಗುತ್ತಾ ಹೋದರೆ ಊರ ಮಕ್ಕಳೆಲ್ಲ ಹಿಂದೆ ಹಿಂದೆ ಓಡಿದವು. ನಾವು ಲೆಕ್ಕ ಹಾಕಿ ಸರಿಯಾದ ದರ ಹಾಕಿದೆವು. ಕಂಪನಿಯವನೂ ಹಾಕಿದ. ಕೆಂಚಾರ್ಲಹಳ್ಳಿ ಕಡೆಯ ಒಂದು ಸಂಘದವರೂ ತಮ್ಮೂರಿಗೆ ಹಾಕಿದರು. ನಮ್ಮೂರ ಕೆಲಸ ನಮಗೆ ಬಂತು. ಖರ್ಚು ಕಳೆದು ಒಂಚೂರು ಉಳಿಯುವಂತೆಯೂ ಇತ್ತು.

ಮುಗಿಯಿತು ಅಂದುಕೊಂಡೆವು. ಕಂಪನಿಯವನು ಮೇಲಕ್ಕೆ ಅರ್ಜಿ ಕೊಟ್ಟ. ಈ ಹೆಂಗಸರಿಗೆ ಕೊಡಿಸಲೆಂದೇ ಸೂಪರಿಂಟೆಂಡೆಂಟರು ಇಲ್ಲದ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡು ಟೆಂಡರು ರದ್ದು ಮಾಡಿಸಿದ್ದಾರೆ ಎಂದು. ವಿಚಾರಣೆಗೆ ಬೇರೆ ಊರಿನಿಂದ ಒಬ್ಬ ಅಧಿಕಾರಿ ಬಂದರು. ನನ್ನನ್ನೂ ಕರೆಸಿದರು.

ಅಂದು ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಪೂರ್ತಿ ಒಂದೇ ಯೋಚನೆ. ತಪ್ಪು ನಮ್ಮ ದಡ್ಡತನದ್ದು ಎಂದುಬಿಟ್ಟರೆ ಮೇಡಮ್ಮ ಉಳಿಯುತ್ತಾರೆ. ಆದರೆ ಕಚೇರಿಯ ತಪ್ಪು ಇರಲಿಲ್ಲ ಎಂದಾಗುತ್ತದೆ, ರದ್ದಾದದ್ದೇ ಸುಳ್ಳು ಎಂದಾಗುತ್ತದೆ, ಊರಿಂದ ಪೋಸ್ಟಾಫೀಸಿನ ಕೆಲಸ ಹೋಗುತ್ತದೆ. ತಪ್ಪು ಮೇಡಮ್ಮನದ್ದು ಎಂದರೆ ಪೋಸ್ಟಾಫೀಸು ಉಳಿಯುತ್ತದೆ, ಅನ್ನ ಹಾಕಿದ ಕೈಗೇ ಕೊಳ್ಳಿ ಇಟ್ಟ ಹಾಗಾಗುತ್ತದೆ. ಉಂಡ ಮನೆಗೆ ದ್ರೋಹ ಬಗೆದವಳು ಎಂದು ಅವರು ನನ್ನನ್ನು ತಿಳಿದಾರು ಎಂಬ ಸಂಕಟ ಬೇರೆ.

ಕಾರಿಡಾರಿನಲ್ಲಿ ಬೆಂಚಿನ ಮೇಲೆ ಮೇಡಮ್ಮ ಕೂತಿದ್ದರು. ಟೈನವನೂ ಅಲ್ಲೇ ಇದ್ದ. ನನ್ನನ್ನು ಕಂಡವರೇ ಇಡೀ ಕಾರಿಡಾರಿಗೆ ಕೇಳುವಂತೆ ಎಂದರು. “ಸರೋಜಮ್ಮ, ಒಳಗೆ ಹೋಗಿ ನಿಜ ಹೇಳು. ಬರೀ ನಿಜ. ಡಂಗುರ ಹೊಡೆಸಿದ್ದು ಯಾರು ಅಂತ ಕೇಳಿದ್ರೆ ನನ್ನ ಹೆಸರು ಹೇಳು. ಹೇಳೋವಾಗ ಅಳಬಾರದು, ಅತ್ರೆ ನಾನು ಹೇಳ್ಕೊಟ್ಟೆ ಅಂದ್ಕೊಂತಾರೆ.” ಆಮೇಲೆ ಟೈನವನ ಕಡೆ ತಿರುಗಿ, “ಕೇಳಿಸ್ತೇನಪ್ಪ? ಇದನ್ನೂ ಅರ್ಜೀಲಿ ಸೇರ್ಸು” ಎಂದರು. ಅವನು ಮೊಬೈಲು ನೋಡತೊಡಗಿದ.

ಒಳಗೆ ಅಧಿಕಾರಿ ಕೇಳಿದರು. ಮೊದಲ ಸಲ ನೀವು ಹಾಗೆ ದರ ಹಾಕಿದ್ದು ಯಾಕೆ?

“ಡಂಗುರ ಕೇಳಿ ಹರಾಜು ಅಂದ್ಕೊಂಡ್ವಿ ಸಾರ್.”

ಹೊಡೆಸಿದ್ದು ಯಾರು?

ನಾನು ಹೇಳಿದೆ. ಅಳಲಿಲ್ಲ. ಆಚೆ ಬಂದು ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತಾಗ ಮಾತ್ರ ತಡೆಯಲಾಗಲಿಲ್ಲ. ಅವರು ಸಮಾಧಾನ ಮಾಡಲೇ ಇಲ್ಲ. ಎದುರು ಗೋಡೆಯಲ್ಲಿದ್ದ ‘ಉಗುಳಬಾರದು’ ಎಂಬ ಬೋರ್ಡನ್ನು ಎರಡು ಸಲ ಗಟ್ಟಿಯ ದನಿಯಲ್ಲಿ ಓದಿದರು. ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು.

ವಿಚಾರಣೆಯ ಕೊನೆಗೆ ಟೆಂಡರು ಸರಿಯಾಗಿದೆ ಎಂದಾಯಿತು. ಪೋಸ್ಟಾಫೀಸಿನ ಕೆಲಸ ನಮ್ಮಲ್ಲೇ ಉಳಿಯಿತು. ಮೇಡಮ್ಮನಿಗೆ ಎಚ್ಚರಿಕೆ ತಪ್ಪಿದ್ದಕ್ಕಾಗಿ ವಾಗ್ದಂಡನೆ ಎಂದು ಬರೆದು, ಅದನ್ನು ಅವರ ಸೇವಾ ಪುಸ್ತಕಕ್ಕೆ ಸೇರಿಸಿದರು. ಡ್ರೈವರು ಹೇಳಿದ: ಇಡೀ ಸರ್ವೀಸಿನಲ್ಲಿ ಅವರ ಪುಸ್ತಕದಲ್ಲಿ ಬಿದ್ದ ಮೊದಲ ಕೆಂಪು ಶಾಯಿ ಅದು. ಅದು ಕೇಳಿ ನಮ್ಮ ಡೈರಿಯ ಹೆಂಗಸರಲ್ಲಿ ಆ ರಾತ್ರಿ ಯಾರಿಗೂ ಊಟ ರುಚಿಸಲಿಲ್ಲ. ಅಜ್ಜಿಯಂತೂ, ಆ ಅಧಿಕಾರಿಗೆ ಕಣ್ಣಿಲ್ಲ ಎಂದು ಶಪಿಸಿದಳು. ನಾವು ಮೇಡಮ್ಮನ ಮನೆಗೆ ಹೋಗಿ ಕಾಲಿಗೆ ಬೀಳೋಣ ಎಂದು ಹೊರಟರೆ ಬಾಗಿಲಲ್ಲೇ ತಡೆದರು. “ನೀವಿನ್ನೂ ಟೆಂಡರಿನೋರು. ಮನೆಗೆ ಬರ್ಬಾರ್ದು. ಪಿಂಚಣಿ ದಿನ ಚಾಪೆ ಹಾಸಿದೀರಾ ಇಲ್ವಾ, ಅದು ಹೇಳಿ.” ಹಾಸಿದ್ದೇವೆ ಎಂದು ಹೇಳಿ ವಾಪಸು ಬಂದೆವು.

ಅವರು ನಿವೃತ್ತರಾದ ದಿನದ ಸಮಾರಂಭಕ್ಕೆ ನಮ್ಮನ್ನು ಯಾರೂ ಕರೆದಿರಲಿಲ್ಲ. ಡ್ರೈವರು ದಿನಾಂಕ ಹೇಳಿದ್ದ. ನಮ್ಮೂರಿನ ಪಿಂಚಣಿ ಹೆಂಗಸರು ಒಂದು ಟೆಂಪೋ ಮಾಡಿಕೊಂಡು ಹೊರಟೇಬಿಟ್ಟರು, ನನ್ನನ್ನೂ ಎಳೆದುಕೊಂಡು. ಹೋಗಿ ಸಭಾಂಗಣದ ಕಟ್ಟಕಡೆಯ ಸಾಲಿನಲ್ಲಿ, ಕುರ್ಚಿ ಸಾಲದೆ ಕೆಲವರು ನೆಲದ ಮೇಲೆ, ಸದ್ದಿಲ್ಲದೆ ಕೂತೆವು. ಮುಂದೆ ಕಚೇರಿಯವರು, ಶಾಲು, ಹಾರ, ಹಣ್ಣಿನ ಬುಟ್ಟಿ. ಮೇಡಮ್ಮ ಸ್ವೆಟರು ತೆಗೆದಿರಲಿಲ್ಲ, ಅದರ ಮೇಲೆಯೇ ಶಾಲು ಹೊದಿಸಿದ್ದರು.

ಸಾಹೇಬರು ಚೆನ್ನಾಗಿ ಮಾತಾಡಿದರು. ಕೊನೆಗೆ, “ಇಷ್ಟು ವರ್ಷದ ಸೇವೆಯಲ್ಲಿ ಒಂದೇ ಒಂದು ಕಪ್ಪು ಚುಕ್ಕೆ ಇಲ್ಲದೆ ಹೋಗ್ತಿದಾರೆ, ಇದು ಸುಲಭವಲ್ಲ” ಎಂದರು. ಎಲ್ಲರಿಗೂ ನಿಜ ಗೊತ್ತಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು ಅದು. ನಾನು ತಲೆ ತಗ್ಗಿಸಿಕೊಂಡೆ. ಆ ಚುಕ್ಕೆ ಇಟ್ಟವರು ನಾವು ಎಂಬುದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

ಮೇಡಮ್ಮ ಎದ್ದು ಮೈಕು ಹಿಡಿದರು. ಅವರಿಗೆ ಮೈಕಿನ ಅಗತ್ಯವೇ ಇರಲಿಲ್ಲ.

“ಸಾಹೇಬ್ರು ದೊಡ್ಡೋರು, ಪ್ರೀತಿಗೆ ಒಂದು ಸುಳ್ಳು ಹೇಳಿದ್ರು,” ಎಂದರು. “ಚುಕ್ಕೆ ಇಲ್ಲ ಅಂದ್ರೆ ನಾನು ಒಪ್ಪಲ್ಲ. ಇದೆ. ಇಷ್ಟು ವರ್ಷದಲ್ಲಿ ನಾನು ದುಡಿದು ಸಂಪಾದಿಸಿದ್ದು ಅದೊಂದೇ, ಅದನ್ನೂ ಕಿತ್ಕೊಂಡು ಕಳಿಸ್ಬೇಡಿ ಸಾರ್.” ಕಣ್ಣು ಕಿರಿದು ಮಾಡಿ ಸಭಾಂಗಣದ ತುದಿಯವರೆಗೆ ನೋಡಿದರು. “ಅಗೋ, ಕಡೇ ಸಾಲಲ್ಲಿ ಕೂತಿದೆ ನೋಡಿ. ಏಳ್ರಮ್ಮಾ. ಎದ್ದು ನಿಂತ್ಕೊಳ್ಳಿ, ಎಲ್ರೂ ನೋಡ್ಲಿ.”

ಎಲ್ಲರೂ ಹಿಂದಕ್ಕೆ ತಿರುಗಿದರು. ಮೊದಲು ಎದ್ದವಳು ಅಶ್ವತ್ಥಮ್ಮಜ್ಜಿ, ಮಂಡಿ ಹಿಡಿದುಕೊಂಡು, ನನ್ನ ಹೆಗಲ ಮೇಲೆ ಕೈ ಊರಿ. ಆಮೇಲೆ ಒಬ್ಬೊಬ್ಬರಾಗಿ ನಾವೆಲ್ಲ ಎದ್ದು ನಿಂತೆವು.